ಕಟ್ಟುತ್ತಿರುವ ಫುಟ್‌ಬಾಲ್ ತಂಡಕ್ಕೆ ದುಬಾರಿ ಹಿರಿಯ ಆಟಗಾರ ಬೇಕೇ?

ಮೊದಲು ಅವನ ಹಳೆಯ ಗೋಲುಗಳ ವಿಡಿಯೊ ಮುಚ್ಚಿಡಿ. ಕಳೆದ ಎರಡು ಋತುಗಳಲ್ಲಿ ಎಷ್ಟು ನಿಮಿಷ ಆಡಿದ್ದಾನೆ, ಎಷ್ಟು ವಾರ ಗಾಯದಿಂದ ಹೊರಗಿದ್ದ ಎಂದು ಬರೆದುಕೊಳ್ಳಿ. ನಂತರ ಸ್ಥಾನ ನೋಡಿ. ಓಟವನ್ನೇ ನಂಬಿದ ವಿಂಗರ್‌ಗೆ (ಮೈದಾನದ ಅಂಚಿನಿಂದ ದಾಳಿ ಮಾಡುವವನಿಗೆ) ಮೂವತ್ತೆರಡು ದಾಟಿದ ಮೇಲೆ ನಾನಂತೂ ಹಣ ಸುರಿಯುವುದಿಲ್ಲ. ಆಟವನ್ನು ಮುಂಚಿತವಾಗಿ ಓದಬಲ್ಲ ಸೆಂಟರ್ ಬ್ಯಾಕ್‌ನ (ರಕ್ಷಣೆಯ ನಡುವೆ ನಿಲ್ಲುವವನ) ಮಾತೇ ಬೇರೆ. ಬ್ರೆಜಿಲ್‌ನ ಸೆಂಟರ್ ಬ್ಯಾಕ್ ಥಿಯಾಗೊ ಸಿಲ್ವಾ 2020ರಲ್ಲಿ, 35ರ ವಯಸ್ಸಿನಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ಗೆ ಬಂದು ಮರುವರ್ಷವೇ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದರು. ಅದೂ ಹಳೆಯ ಕ್ಲಬ್‌ಗೆ ಕೊಡಬೇಕಾದ ವರ್ಗಾವಣೆ ಶುಲ್ಕವಿಲ್ಲದೆ, ಮೊದಲಿಗೆ ಒಂದೇ ವರ್ಷದ ಒಪ್ಪಂದದ ಮೇಲೆ! ನೀವೂ ಒಂದು ವರ್ಷಕ್ಕೇ ಸಹಿ ಹಾಕಿಸಿ. ವಿಸ್ತರಣೆಯನ್ನು ಆಡಿದ ಪಂದ್ಯಗಳಿಗೆ ಕಟ್ಟಿಹಾಕಿ. ವರ್ಗಾವಣೆ ಶುಲ್ಕ ಕೇಳಿದರೆ ಮಾತುಕತೆ ನಿಲ್ಲಿಸಿ, ಏಕೆಂದರೆ ಮಾರುವಾಗ ಆ ಹಣ ಹಿಂದಿರುಗುವುದಿಲ್ಲ. ಅವನಿಂದಾಗಿ ಇಪ್ಪತ್ತರ ಹುಡುಗನೊಬ್ಬ ಬೆಂಚಿನಲ್ಲಿ ಕೂರುವಂತಾದರೆ ಬೇಡವೇ ಬೇಡ.