ನೊಂದವರೊಡನೆ, ನೆರೆಧರ್ಮದವರೊಡನೆ ಸತ್ಯವೇದ ಓದುವ ಮನೆಕೂಟವನ್ನು ನಡೆಸುವ ಬಗೆ

ನಮ್ಮ ಅನೇಕ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಬಡವರ ಮೇಲಿನ ಕರುಣೆಗೆ ಒಂದು ದಿನ, ಬೇರೆ ಧರ್ಮದವರೊಡನೆ ಮಾತುಕತೆಗೆ ಇನ್ನೊಂದು ದಿನ ಎಂದು ಗೊತ್ತಾಗಿರುತ್ತದೆ. ಕ್ರಿಸ್ಮಸ್ ಹತ್ತಿರವಾದಾಗ ಅಕ್ಕಿ, ಕಂಬಳಿಗಳನ್ನು ಹಂಚುತ್ತೇವೆ. ಮತ್ತೊಂದು ದಿನ ಸರ್ವಧರ್ಮ ಸಮ್ಮೇಳನ ಏರ್ಪಡಿಸಿ ಸ್ವಾಮೀಜಿಯವರಿಗೂ ಮೌಲ್ವಿಯವರಿಗೂ ಶಾಲು ಹೊದಿಸುತ್ತೇವೆ. ಕಂಬಳಿ ಪಡೆಯುವವರು ಮಾತಾಡುವ ಸಂದರ್ಭವೇ ಬರುವುದಿಲ್ಲ, ವೇದಿಕೆಯ ಮೇಲಿರುವವರು ಕಂಬಳಿ ಪಡೆದವರ ಸಂಗತಿಯನ್ನು ಎತ್ತುವುದಿಲ್ಲ. ಈ ಎರಡನ್ನೂ ಒಂದೇ ಕೋಣೆಗೆ, ಒಂದೇ ಓದಿಗೆ ತರುವ ಸಣ್ಣ ಮನೆಕೂಟವನ್ನು ನಡೆಸುವುದು ಹೇಗೆಂದು ಇಲ್ಲಿ ಬರೆದಿದ್ದೇನೆ. ಎಂಟು ಹತ್ತು ಜನ, ಒಂದು ಸತ್ಯವೇದ (ಬೈಬಲ್), ಒಂದೂವರೆ ಗಂಟೆಯ ಬಿಡುವು, ಇಷ್ಟಿದ್ದರೆ ಸಾಕು.

ಇದು ಹೊಸ ಆಲೋಚನೆಯಲ್ಲ. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಅವರು 1971ರಲ್ಲಿ ಜಾಗತಿಕ ಸಭೆಗಳ ಒಕ್ಕೂಟದ ಅಂತರಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಹತ್ತು ವರ್ಷಗಳ ನಂತರ, 1981ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಭಾಷಣದಿಂದ, ದಲಿತರ ಅನುಭವದ ನೆಲೆಯಲ್ಲಿ ದೇವರನ್ನು ಕುರಿತು ಯೋಚಿಸುವ ದಲಿತ ದೇವತಾಶಾಸ್ತ್ರದ ಚರ್ಚೆ ಶುರುವಾಯಿತು. ಭಾರತದ ಕ್ರೈಸ್ತ ಚಿಂತಕರು ವೇದಾಂತದೊಡನೆ ಸಂವಾದ ನಡೆಸುತ್ತಲೇ ಇದ್ದಾರೆ, ಆದರೆ ಸಭೆಯ ಬಹುಪಾಲು ಜನರಾದ ದಲಿತರ ನೋವು ಅವರ ಬರಹಗಳಿಗೆ ಬರಲೇ ಇಲ್ಲ ಎಂಬುದು ನಿರ್ಮಲ್ ಅವರ ದೂರಾಗಿತ್ತು. ಆ ದೂರು ನ್ಯಾಯವಾದದ್ದು ಎಂದು ನಾನು ನಂಬಿದ್ದೇನೆ. ಆದ್ದರಿಂದ ಕೂಟ ಕಟ್ಟುವವರು ನೆರೆಮನೆಯವರನ್ನು ಕರೆಯುವ ಮೊದಲು ತಮ್ಮ ಸಭೆಯನ್ನೇ ಒಮ್ಮೆ ನೋಡಿಕೊಳ್ಳಬೇಕು. ಆರಾಧನೆಯಲ್ಲಿ ಪಾಠ ಓದುವವರು ಯಾವ ಮನೆತನಗಳವರು, ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಗೆ ಯಾರು ಆರಿಸಿ ಬರುತ್ತಾರೆ, ಯಾರ ಮನೆಯಲ್ಲಿ ಇದುವರೆಗೆ ಒಂದು ಪ್ರಾರ್ಥನಾ ಕೂಟವೂ ನಡೆದಿಲ್ಲ, ಮದುವೆಯ ಮಾತು ಬಂದಾಗ ಯಾರ ಮನೆಯನ್ನು ಬಿಟ್ಟು ಮುಂದೆ ಹೋಗುತ್ತೇವೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೊದಲ ಕೂಟ, ಇದುವರೆಗೆ ಬಿಟ್ಟುಹೋದ ಆ ಮನೆಗಳಲ್ಲೊಂದರಲ್ಲಿ, ಆ ಮನೆಯವರು ಮನಸಾರೆ ಒಪ್ಪಿದರೆ, ನಡೆಯಲಿ. ಅಲ್ಲಿ ಕೊಟ್ಟ ಲೋಟದಲ್ಲೇ ಎಲ್ಲರೂ ಚಹಾ ಕುಡಿಯಲಿ. ‘ನನಗೆ ಚಹಾ ಅಭ್ಯಾಸವಿಲ್ಲ’ ಎಂದು ನೆಪ ಹೇಳುವವರಿಗೆ ಈ ಕೂಟ ಇನ್ನೂ ತಕ್ಕುದಲ್ಲ.

ಬಂದವರ ಹೆಸರಿನ ಪಟ್ಟಿ ಮಾಡಬೇಡಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಇದಕ್ಕೆ ಗಟ್ಟಿಯಾದ ಕಾರಣವಿದೆ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದಕ್ಕೆ ಸೇರಿಸಲಾಯಿತು, ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಹೀಗಾಗಿ ಜಾತಿಯ ಅವಮಾನವನ್ನು ದಿನವೂ ಉಣ್ಣುತ್ತಿರುವ ಒಬ್ಬ ದಲಿತ ತಾಯಿ ಕ್ರಿಸ್ತನನ್ನು ನಂಬಿದರೆ, ಆಕೆಯ ಮಕ್ಕಳ ಶಿಕ್ಷಣಕ್ಕೂ ಉದ್ಯೋಗಕ್ಕೂ ದಕ್ಕಬೇಕಾದ ಮೀಸಲಾತಿ ಕೈತಪ್ಪಬಹುದು. ಇಂಥ ಮನೆಗಳಿಂದ ಬಂದವರನ್ನು ‘ನೀವು ದೀಕ್ಷಾಸ್ನಾನ ತೆಗೆದುಕೊಂಡಿದ್ದೀರಾ, ಯಾವ ಸಭೆ’ ಎಂದು ಎಲ್ಲರೆದುರು ಕೇಳುವುದು ಅವರ ಬದುಕಿನೊಡನೆ ಆಟವಾಡಿದಂತೆಯೇ ಸರಿ.

ಮೊದಲ ಓದಿಗೆ ಲೂಕ ನಾಲ್ಕನೆಯ ಅಧ್ಯಾಯದ 16ರಿಂದ 30ರವರೆಗಿನ ವಚನಗಳನ್ನು ಆರಿಸಿಕೊಳ್ಳಿ. ಯೇಸು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ತೆರೆದು, ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ ಎಂದು ಓದುವ ಭಾಗ ನಮಗೆಲ್ಲ ಚೆನ್ನಾಗಿ ಗೊತ್ತು, ಪ್ರಸಂಗಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ನೀವು ನಿಲ್ಲಬೇಡಿ. ಅಷ್ಟು ಕೇಳಿದಾಗ ಊರಿನವರು ಮೆಚ್ಚಿಕೊಂಡರೇ ಹೊರತು ಸಿಟ್ಟಾಗಲಿಲ್ಲ. ಬರಗಾಲದಲ್ಲಿ ಪ್ರವಾದಿ ಎಲೀಯನನ್ನು ದೇವರು ಕಳುಹಿಸಿದ್ದು ಸೀದೋನಿನ ಸೀಮೆಯ ಚಾರೆಪ್ತದ ವಿಧವೆಯ ಬಳಿಗೆ, ಪ್ರವಾದಿ ಎಲೀಷನ ಕಾಲದಲ್ಲಿ ಶುದ್ಧನಾದ ಕುಷ್ಠರೋಗಿ ಸಿರಿಯದ ನಾಮಾನನೊಬ್ಬನೇ ಎಂದು ಹೇಳಿದಾಗ ಮಾತ್ರ ಅವರು ಕೋಪಗೊಂಡು ಯೇಸುವನ್ನು ಊರಾಚೆಯ ಗುಡ್ಡದ ಅಂಚಿಗೆ ಅಟ್ಟಿಕೊಂಡು ಹೋದರು. ಬಿಡುಗಡೆಯ ಮಾತನ್ನೂ ಹೊರಗಿನವರ ಮೇಲಿನ ದೇವರ ಒಲವನ್ನೂ ಕರ್ತನು ಒಂದೇ ಪ್ರಸಂಗದಲ್ಲಿ ಇಟ್ಟಿರುವಾಗ ನಾವು ಅವನ್ನು ಎರಡು ಕಾರ್ಯಕ್ರಮಗಳಾಗಿ ಒಡೆಯುವುದು ಸರಿಯಲ್ಲ.

ಮುಂದಿನ ವಾರ ಅದೇ ನಾಮಾನನ ಕಥೆಯನ್ನು ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಪೂರ್ತಿ ಓದಿ. ಸೇನಾಪತಿಗೆ ವಾಸಿಯಾಗುವ ದಾರಿ ತೋರಿಸಿದವಳು ಅವನ ಮನೆಯಲ್ಲಿ ಊಳಿಗಕ್ಕಿದ್ದ, ಯುದ್ಧದಲ್ಲಿ ಸೆರೆ ಹಿಡಿದು ತಂದ ಒಬ್ಬ ಹುಡುಗಿ. ಆಕೆಯ ಹೆಸರನ್ನು ಕೂಡ ಗ್ರಂಥ ಹೇಳುವುದಿಲ್ಲ. ಮನೆಗೆಲಸ ಮಾಡುವ ಅಕ್ಕಂದಿರು ಕೂಟದಲ್ಲಿದ್ದರೆ ಈ ಹುಡುಗಿಯ ಬಗ್ಗೆ ಮೊದಲು ಅವರೇ ಹೇಳಲಿ. ಆಮೇಲೆ 18 ಮತ್ತು 19ನೆಯ ವಚನಗಳಲ್ಲಿ ತಡೆದು ನಿಲ್ಲಿ. ಇಸ್ರಾಯೇಲಿನ ದೇವರನ್ನು ನಂಬಿದ ನಾಮಾನನು, ನನ್ನ ಒಡೆಯ ರಿಮ್ಮೋನನ ಗುಡಿಗೆ ಹೋದಾಗ ನಾನೂ ಅವನ ಜೊತೆ ಬಾಗಬೇಕಾಗುತ್ತದೆ, ಅದಕ್ಕೆ ಕ್ಷಮೆ ಇರಲಿ ಎಂದು ಕೇಳುತ್ತಾನೆ. ಎಲೀಷನು ಬೈಯುವುದಿಲ್ಲ, ಷರತ್ತು ಹಾಕುವುದಿಲ್ಲ, ಸಮಾಧಾನದಿಂದ ಹೋಗೆಂದು ಹೇಳಿ ಕಳುಹಿಸುತ್ತಾನೆ. ಬೇರೆ ಧರ್ಮದ ಮನೆಯಲ್ಲಿದ್ದುಕೊಂಡೇ ಕ್ರಿಸ್ತನನ್ನು ಪ್ರೀತಿಸುವವರೂ, ಕ್ರೈಸ್ತರಾಗಿದ್ದು ಬಂಧುಗಳ ಹಬ್ಬಕ್ಕೆ ಹೋಗಬೇಕೋ ಬೇಡವೋ ಎಂದು ಕಷ್ಟಪಡುವವರೂ ಈ ಎರಡು ವಚನಗಳ ಮುಂದೆ ಬಹಳ ಹೊತ್ತು ಕೂರುತ್ತಾರೆ. ಅವರಿಗೆ ಬೇಕಾದಷ್ಟು ಸಮಯ ಕೊಡಿ.

ಓದುವ ಕ್ರಮ ಸರಳವಾಗಿರಲಿ. ಭಾಗವನ್ನು ಇಬ್ಬರು ಬೇರೆ ಬೇರೆ ದನಿಯಲ್ಲಿ ಎರಡು ಸಲ ಗಟ್ಟಿಯಾಗಿ ಓದಬೇಕು, ಏಕೆಂದರೆ ಓದು ಬಾರದವರೂ ಕೂಟದಲ್ಲಿರುತ್ತಾರೆ. ಬಳಿಕ ಮೊದಲ ಮಾತು ಬದುಕಿನಲ್ಲಿ ನೊಂದವರದ್ದಾಗಬೇಕು, ಸಭಾಪಾಲಕರಾದ ಅಯ್ಯನವರದ್ದು ಕೊನೆಯದಾಗಬೇಕು. ಮಾರ್ಕನ ಏಳನೆಯ ಅಧ್ಯಾಯದಲ್ಲಿ ಯೆಹೂದ್ಯಳಲ್ಲದ ಸುರೋಫೆನಿಕ್ಯದ ತಾಯಿಗೆ ಯೇಸು, ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎನ್ನುವ ಭಾಗ ಬಂದಾಗ ಈ ಕ್ರಮ ಬಹಳ ಮುಖ್ಯವಾಗುತ್ತದೆ. ಆ ಮಾತಿನ ಗಡಸನ್ನು ಕೂಡಲೇ ವಿವರಿಸಿ ತೊಡೆದುಹಾಕಲು ವಿದ್ಯಾವಂತರು ಮುಂದಾಗುತ್ತಾರೆ. ಅಂಥ ಬೈಗುಳವನ್ನು ಬದುಕಿನಲ್ಲಿ ಕೇಳಿಸಿಕೊಂಡವರು ಅದರ ಬಗ್ಗೆ ಹೇಳಿ ಮುಗಿಸುವ ತನಕ ವಿದ್ಯಾವಂತರು ತಾಳಬೇಕು.

ನೆರೆಧರ್ಮದವರನ್ನು ಮೂರು ನಾಲ್ಕು ಕೂಟಗಳಾದ ಮೇಲೆ ಕರೆಯಿರಿ. ಈಗಾಗಲೇ ಕಷ್ಟಸುಖಕ್ಕೆ ಬಂದುಹೋಗುವ ಒಬ್ಬಿಬ್ಬರು ಸಾಕು. ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಇರುತ್ತದೆ, ನೀವು ಸುಮ್ಮನೆ ಕುಳಿತಿರಬಹುದು ಎಂದು ಮೊದಲೇ ತಿಳಿಸಿ. ಅವರ ಮುಲಾಜಿಗೆ ನಿಮ್ಮ ನಂಬಿಕೆಯನ್ನು ತೆಳುಗೊಳಿಸಬೇಡಿ. ಕ್ರಿಸ್ತನೇ ನನ್ನ ರಕ್ಷಕ ಎಂದು ಸಾಕ್ಷಿಯಾಗಿ ಹೇಳುವುದಕ್ಕೂ ನಿಮ್ಮ ದೇವರು ಸುಳ್ಳು ಎಂದು ತೀರ್ಪು ಕೊಡುವುದಕ್ಕೂ ಇರುವ ಅಂತರ ಎಲ್ಲರಿಗೂ ತಿಳಿಯುತ್ತದೆ. ಅವರೂ ತಮ್ಮದೊಂದು ಪಠ್ಯವನ್ನು ತರಲಿ. ಲಿಂಗಾಯತ ಬಂಧುಗಳು ಹರಳಯ್ಯ ಮತ್ತು ಮಧುವರಸರ ಕಥೆಯನ್ನು ತಂದರೆ ಅದು ದೊಡ್ಡ ಕೊಡುಗೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದ್ದಕ್ಕೆ ದೊರೆ ಬಿಜ್ಜಳನು ಆ ಇಬ್ಬರು ತಂದೆಯರನ್ನು ಕ್ರೂರವಾಗಿ ಕೊಲ್ಲಿಸಿದನೆಂದು ಪರಂಪರೆ ಹೇಳುತ್ತದೆ. ಅದನ್ನು ಕೇಳಿದ ಕೂಡಲೇ ‘ನಮ್ಮಲ್ಲೂ ಇದೇ ಇದೆ’ ಎನ್ನಬೇಡಿ. ನಮ್ಮ ಸಭೆಯಲ್ಲಿ ಅಂಥ ಮದುವೆಯ ಮಾತು ಬಂದಾಗ ನಾವೇನು ಮಾಡಿದೆವು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಿ. ನಮ್ಮ ಧರ್ಮದ ಒಳ್ಳೆಯದನ್ನು ಇನ್ನೊಬ್ಬರ ಧರ್ಮದ ಕೆಟ್ಟದ್ದರ ಪಕ್ಕ ಇಟ್ಟು ತೂಗಬಾರದು ಎಂಬ ನಿಯಮವನ್ನು ಪ್ರತಿ ಕೂಟದ ಆರಂಭದಲ್ಲಿ ಹೇಳುವುದು ಒಳ್ಳೆಯದು.

ಕೂಟಕ್ಕೆ ಬರುವ ಯಾರಿಗಾದರೂ ಹಣವೋ ಔಷಧಿಯೋ ಬೇಕಾದರೆ, ಅದನ್ನು ಕೂಟದ ದಿನ, ಕೂಟದ ಜಾಗದಲ್ಲಿ ಕೊಡಬೇಡಿ. ಸಹಾಯಕ್ಕೂ ಪ್ರಾರ್ಥನೆಗೂ ಗಂಟು ಬಿದ್ದರೆ ಸಹಾಯ ಪಡೆದವರ ನಂಬಿಕೆಯೂ ಅನುಮಾನಕ್ಕೆ ಒಳಗಾಗುತ್ತದೆ. ವಿಧವಾ ವೇತನದ ಅರ್ಜಿ ತುಂಬಿಸುವುದು, ತಾಲ್ಲೂಕು ಕಚೇರಿಗೆ ಜೊತೆಯಾಗಿ ಹೋಗುವುದು, ಆಸ್ಪತ್ರೆಯಲ್ಲಿ ರಾತ್ರಿ ಕಾಯುವುದು ಇವೆಲ್ಲ ಧರ್ಮ ಕೇಳದೆ ಮಾಡಬೇಕಾದ ಕೆಲಸಗಳು. ಅದಕ್ಕೂ ಮೊದಲು ನಮ್ಮದೇ ದೇವಾಲಯದ ಅಂಗಳ ಗುಡಿಸುವವರಿಗೂ ಶಾಲೆಯ ಶೌಚಾಲಯ ತೊಳೆಯುವವರಿಗೂ ಕನಿಷ್ಠ ವೇತನ, ಭವಿಷ್ಯ ನಿಧಿ, ವಾರದ ರಜೆ ಸಿಗುತ್ತಿದೆಯೇ ಎಂದು ವಿಚಾರಿಸಿ.

ಹಿರಿಯರು ಆಕ್ಷೇಪಿಸುವ ಸಂಭವವಿದೆ. ಪೇತ್ರನು ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಯಲ್ಲಿ ಊಟ ಮಾಡಿ ಬಂದಾಗ ಯೆರೂಸಲೇಮಿನ ವಿಶ್ವಾಸಿಗಳೂ ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು. ಅವನು ರೇಗದೆ, ನಡೆದದ್ದನ್ನು ಮೊದಲಿನಿಂದ ಕ್ರಮವಾಗಿ ವಿವರಿಸಿದ, ತನ್ನೊಡನೆ ಬಂದಿದ್ದ ಆರು ಮಂದಿ ಸಹೋದರರನ್ನು ಮುಂದಿಟ್ಟುಕೊಂಡು ಮಾತಾಡಿದ ಎಂದು ಅಪೊಸ್ತಲರ ಕೃತ್ಯಗಳ ಹನ್ನೊಂದನೆಯ ಅಧ್ಯಾಯದಲ್ಲಿದೆ. ನೀವೂ ಒಬ್ಬರೇ ಹೋಗಬೇಡಿ. ಕೂಟದಲ್ಲಿ ಕುಳಿತ ಸಭಾಸದಸ್ಯರಲ್ಲಿ ಮೂರು ನಾಲ್ಕು ಮಂದಿಯನ್ನು ಕರೆದುಕೊಂಡು ಕಮಿಟಿಯ ಮುಂದೆ ಹೋಗಿ, ಓದಿದ ಭಾಗಗಳನ್ನೂ ಎದ್ದ ಪ್ರಶ್ನೆಗಳನ್ನೂ ಯಾರ ಹೆಸರನ್ನೂ ಎತ್ತದೆ ವರದಿ ಮಾಡಿ, ಆಕ್ಷೇಪಿಸಿದ ಹಿರಿಯರನ್ನು ಮುಂದಿನ ಕೂಟಕ್ಕೆ ಅದು ನಡೆಯುವ ಮನೆಯವರೇ ಬಂದು ಕರೆಯುವಂತೆ ಏರ್ಪಾಡು ಮಾಡಿ.