ತೊಗರಿ ಆಮದು: ಇಲ್ಲಿನ ಸುದ್ದಿ, ಅಲ್ಲಿನ ಸುದ್ದಿ ತಾಳೆಯಾಗಿದ್ದು ಹೀಗೆ

ಕಲಬುರಗಿಯಲ್ಲಿ ಕುಳಿತು ಭಾರತ–ಮೊಜಾಂಬಿಕ್ ಬೇಳೆಕಾಳು ಒಪ್ಪಂದದ ಮೇಲೆ ಪ್ರಬಂಧ ಬರೆಯುತ್ತಿದ್ದೆ. ತೊಡಕು ಇಷ್ಟು: ಆಮದಿನ ಪ್ರಮಾಣ ಒಂದು ವರದಿಯಲ್ಲಿ 1 ಲಕ್ಷ ಟನ್, ಮತ್ತೊಂದರಲ್ಲಿ 2 ಲಕ್ಷ ಟನ್, ನಮ್ಮೂರ ಪತ್ರಿಕೆಯಲ್ಲಿ 20 ಲಕ್ಷ ಕ್ವಿಂಟಲ್. ದಿನಾಂಕಗಳೂ ಕೂಡುತ್ತಿರಲಿಲ್ಲ.

ಅಲ್ಲಿನ ಸುದ್ದಿ ಓದಲು ನೆಚ್ಚಿದ ಯಂತ್ರಾನುವಾದ ಕೈಕೊಟ್ಟಿತು, ತೊಗರಿ, ಹೆಸರುಕಾಳು ಎಲ್ಲವೂ ಬರೀ ‘ಬೇಳೆ’ ಆದವು. ಹೆಚ್ಚು ಪತ್ರಿಕೆಗಳು ಹೇಳಿದ್ದೇ ಸರಿ ಎಂದು ಎಣಿಸಿದ್ದು ಇನ್ನೂ ದಡ್ಡತನ: ಬಹುಪಾಲು ಒಂದೇ ಸುದ್ದಿಸಂಸ್ಥೆಯ ಪ್ರತಿಗಳು.

ಕೊನೆಗೆ ಫಲಿಸಿದ ಕ್ರಮ ಇದು. ಸುದ್ದಿಯನ್ನು ಪಕ್ಕಕ್ಕಿಟ್ಟು ಮೂಲ ದಾಖಲೆಯಿಂದ ಆರಂಭಿಸಿ. 2016ರ ಒಪ್ಪಂದದಲ್ಲಿ ಪ್ರಮಾಣ 2016-17ರ 1 ಲಕ್ಷ ಟನ್‌ನಿಂದ 2020-21ರ 2 ಲಕ್ಷ ಟನ್‌ಗೆ ಏರುತ್ತದೆ. ಅಂದರೆ ಎರಡೂ ಅಂಕಿ ಸರಿ, ವರ್ಷ ಬೇರೆ. 10 ಕ್ವಿಂಟಲ್‌ಗೆ 1 ಟನ್; ನಮ್ಮೂರ ಅಂಕಿಯೂ ಅಲ್ಲಿಗೇ ಬಂತು.

ನಂತರ ಹಾಳೆಯಲ್ಲಿ ಐದು ಕಾಲಂ ಹಾಕಿ: ಘಟನೆಯ ದಿನ, ಪ್ರಕಟಣೆಯ ದಿನ, ಸುದ್ದಿಯ ಮೂಲ, ಪ್ರಮಾಣ ಟನ್‌ನಲ್ಲಿ, ಆರ್ಥಿಕ ವರ್ಷ. ಮೂಲ ಒಂದೇ ಆದ ಸಾಲುಗಳನ್ನು ಒಂದಾಗಿಸಿ. ಉದಾಹರಣೆಗೆ, ತೊಗರಿ ಆಮದು ಮುಕ್ತವಾದ ಅಧಿಸೂಚನೆ 2021ರ ಮೇ 15ರದು. ಎಪಿಎಂಸಿ ದರದ ಸುದ್ದಿ ಬರುವುದು ಆಮೇಲೆ. ಗೂಗಲ್‌ನಲ್ಲಿ ಹುಡುಕುವಾಗ ಪರಿಕರಗಳಲ್ಲಿ (Tools) ಕಸ್ಟಮ್ ಅವಧಿ ಆರಿಸಿ, ಘಟನೆಯ ಹಿಂದೆ ಮುಂದೆ ಹದಿನೈದು ದಿನ ಕೊಡಿ. ಪದಗಳು ನಾಲ್ಕು: ತೊಗರಿ, ಹಿಂದಿಯ ಅರ್ಹರ್, ಇಂಗ್ಲಿಷಿನ ಪಿಜನ್ ಪೀ, ಮೊಜಾಂಬಿಕ್ ಪತ್ರಿಕೆಗಳಿಗೆ ಪೋರ್ಚುಗೀಸಿನ ಫೆಯ್ಜಾವ್ ಬೋಯರ್ (feijão bóer). ಈ ನಾಲ್ಕನೆಯದಿಲ್ಲದೆ ಅಲ್ಲಿನ ರೈತರ ಮಾತು ಕಣ್ಣಿಗೇ ಬೀಳುವುದಿಲ್ಲ.