ಫಾಂಟ್ ಫೈಲೊಳಗೆ ಅಡಗಿರೋ ಲೈಸೆನ್ಸ್ ನೋಡೋದು ಹೇಗೆ

ಫ್ರೀ ಅಂತ ಎಲ್ಲಿಂದಲೋ ಇಳಿಸಿಕೊಂಡ ಫಾಂಟನ್ನ ಕ್ಲೈಂಟ್ ಕೆಲಸಕ್ಕೆ ಹಾಕೋ ಮುಂಚೆ ಒಳಗೆ ಒಂದ್ಸಲ ಇಣುಕಿ. ವಿಂಡೋಸಲ್ಲಾದ್ರೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲೇ ಕಾಪಿರೈಟು, ಎಂಬೆಡ್ ಮಾಡ್ಬಹುದಾ (ಪಿಡಿಎಫ್ ಥರದ ಫೈಲೊಳಗೆ ಫಾಂಟನ್ನೂ ಸೇರಿಸ್ಬಹುದಾ) ಇಲ್ವಾ ಎರಡೂ ಕಾಣುತ್ತೆ. ಪೂರ್ತಿ ಬೇಕಂದ್ರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಫಾಂಟ್ ಬಿಚ್ಚಿ ನೋಡೋ ಸಾಧನ ಫಾಂಟ್‌ಟೂಲ್ಸ್ ಹಾಕ್ಕೊಂಡು ಅದರ ಟಿಟಿಎಕ್ಸ್ ಕಮಾಂಡಿಂದ ಫೈಲನ್ನ ಎಕ್ಸ್‌ಎಂಎಲ್ (ಓದೋಕಾಗೋ ಪಠ್ಯ) ಮಾಡ್ಕೊಳ್ಳಿ, ಅದರಲ್ಲಿ ಫಾಂಟಿನ ಹೆಸರು-ವಿವರ ಇರೋ ನೇಮ್ ಟೇಬಲ್ಲಲ್ಲಿ ಒಂದೊಂದಕ್ಕೂ ಒಂದು ನಂಬರ್ ಇರುತ್ತೆ: 0 ಕಾಪಿರೈಟ್, 3 ಯುನೀಕ್ ಐಡಿ, 13 ಲೈಸೆನ್ಸ್ ವಿವರ, 14 ಅದರ ಲಿಂಕ್. ನೋಟೋ ಸಾನ್ಸ್ ಕನ್ನಡ ತೆಗೆದು ನೋಡಿ, 13ರಲ್ಲಿ ಓಪನ್ ಫಾಂಟ್ ಲೈಸೆನ್ಸ್ ಅಂತಿರುತ್ತೆ.

ವೆಬ್ಬಿಗೆ ಬಳಸೋ ವೋಫ್ (WOFF) ಅನ್ನೋ ಫಾಂಟ್ ಫೈಲಲ್ಲಿ ಇನ್ನೂ ಮಜಾ ಇದೆ, ಮೆಟಾಡೇಟಾ ಜಾಗದಲ್ಲಿ ಲೈಸೆನ್ಸ್ ಕೊಂಡವರ ಹೆಸರೇ ಇರ್ಬಹುದು, ಪ್ರೈವೇಟ್ ಡೇಟಾ ಅನ್ನೋ ಇನ್ನೊಂದು ಜಾಗದಲ್ಲಂತೂ ಫಾಂಟ್ ಮಾಡಿದವರು ಏನು ಬೇಕಾದ್ರೂ ತುಂಬ್ಬಹುದು, ಅಕ್ಷರ ಮೂಡೋದಕ್ಕೂ ಅದಕ್ಕೂ ಸಂಬಂಧನೇ ಇಲ್ಲ. ಅಂದಹಾಗೆ 13 ಖಾಲಿ ಇದ್ರೆ ಫ್ರೀ ಅಂತ ಅಲ್ಲ ಮತ್ತೆ, ಕಾಪಿರೈಟಲ್ಲಿರೋ ಹೆಸರು ಹಿಡ್ಕೊಂಡು ಅವರ ಸೈಟಲ್ಲೇ ಷರತ್ತು ಹುಡುಕಿ.